ಗಾಜಿನ ಪೆಟ್ಟಿಗೆಯಲ್ಲಿದ್ದ ಹಿರಿಯ

ಮೊಮ್ಮಗಳು ಪೂನಮಳಿಗೆ ನೋಡಿದ್ದ ವರನ ಮನೆ ನೋಡಲು ಮಗನನ್ನೂ ಅವಳನ್ನೂ ಕರೆದುಕೊಂಡು ತೆಲಸಂಗದಿಂದ ಕಾಗವಾಡಕ್ಕೆ ಬಂದ ಲಕ್ಕವ್ವ, ಹೊಸ್ತಿಲು ದಾಟಿದ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲಕ್ಕೆ ಹಣೆ ಹಚ್ಚಿದಳು. ವರನ ತಂದೆ ರಾಜಾರಾಮ ಆ ನಮಸ್ಕಾರ ತನಗೇ ಎಂದುಕೊಂಡು ಹಿಂದೆ ಸರಿದ.

"ಏಳ್ರಿ ಆಯಿ, ಹಿರ್ಯಾರು ನೀವು."

ಅವಳು ಬಾಗಿದ್ದು ಟಿವಿಯ ಪಕ್ಕದ ಗಾಜಿನ ಪೆಟ್ಟಿಗೆಗೆ. ಬೆನ್ನ ತುಂಬ ಹಳದಿ ನಕ್ಷತ್ರಗಳಿದ್ದ ಆಮೆಯೊಂದು ಅದರೊಳಗೆ ಗಾಜಿಗೆ ಮುಂಗಾಲು ಒತ್ತಿ, ಜಾರಿ, ಮತ್ತೆ ಒತ್ತುತ್ತಿತ್ತು.

ಲಕ್ಕವ್ವನದು ಆಮೆ ಬೆಡಗ. ಕುರಿ ಕಾಯುವ ಅವರ ಕುಲದಲ್ಲಿ ಪ್ರತಿ ಬೆಡಗಕ್ಕೂ, ಅಂದರೆ ಬಳಿಗೂ, ಒಂದು ಪ್ರಾಣಿಯೋ ಗಿಡವೋ ಮೂಲಪುರುಷ. ಆಮೆ ಬೆಡಗದವರು ಆಮೆಯನ್ನು ಹಿಡಿಯುವುದಿಲ್ಲ, ಹೊಡೆಯುವುದಿಲ್ಲ. ಹೊಲದಲ್ಲಿ ಸತ್ತದ್ದು ಕಂಡರೆ ಮಣ್ಣು ಕೊಟ್ಟು ಬಂದು, ತಲೆಗೆ ನೀರು ಹಾಕಿಕೊಂಡು, ಅಂದು ಒಲೆ ಹೊತ್ತಿಸುವುದಿಲ್ಲ. ಅರಸರು ಸಿಂಹವನ್ನು ಧ್ವಜದ ಮೇಲೆ ಬರೆಸಿಕೊಂಡರು, ಕಾಡಿಗೆ ಹೋಗಿ ಅದನ್ನೇ ಬೇಟೆಯಾಡಿದರು. ಅದಕ್ಕೆ ಲಾಂಛನವೆಂದು ಹೆಸರು, ಪಾಠದ ಪುಸ್ತಕದಲ್ಲಿ ಜಾಗ. ಹೆಸರು ಕೊಟ್ಟ ಜೀವಕ್ಕೆ ಒಂದು ಕಲ್ಲನ್ನೂ ಎಸೆಯದ ಕುರಿಗಾಹಿಯದು ಮಾತ್ರ ಮೂಢನಂಬಿಕೆ! ಈ ತಕ್ಕಡಿ ಹಿಡಿದ ಕೈ ಯಾರದು?

ವರನ ತಾಯಿ ಸುಂದರಾ ಚಹಾ ತಂದಳು. ಲಕ್ಕವ್ವ ಕಪ್ಪು ಮುಟ್ಟಲಿಲ್ಲ.

"ಅವ್ವಾ, ಕುಡಿ. ಮಂದಿ ಏನ ತಿಳ್ಕೋತಾರ," ಎಂದು ಮಗ ಮಾಳಸಿದ್ದ ಪಿಸುಗುಟ್ಟಿದ.

"ನಮ್ಮ ಹಿರ್ಯಾ ಜೇಲಿನ್ಯಾಗ ಕುಂತಾನ. ಅಂವನ ಮುಂದ ಚಾ ಹ್ಯಾಂಗ ಇಳೀತೈತಿ?"

ರಾಜಾರಾಮ ನಕ್ಕ. "ವಾಸ್ತುದವ್ರು ಹೇಳಿದ್ರಂತ ಇಟ್ಟೀವ್ರಿ ಆಯಿ. ಇದು ಬಂದ ಮ್ಯಾಲ ಸಕ್ಕರಿ ಫ್ಯಾಕ್ಟರ್ಯಾಗ ನನಗ ಪ್ರಮೋಶನ್ ಆತು."

"ನಿಮಗ ಪ್ರಮೋಶನ್ ಆತು. ಅಂವಗೇನಾತು?"

"ಪ್ರಾಣಿ ಐತ್ರಿ ಅದು."

"ಹೌದ್ರಿ ಬೀಗರ, ಪ್ರಾಣಿನ. ನಾವೇನ ಕಲ್ಲ ಅದೀವೇನು?"

ಪೂನಮ ತಲೆ ತಗ್ಗಿಸಿ ಕೂತಿದ್ದಳು. ಸಂಬಂಧದ ಮಾತು ಬಂದಾಗಿನಿಂದ ಅವಳೂ ವರ ವಿಕ್ರಾಂತನೂ ದಿನಾ ಫೋನಿನಲ್ಲಿ ಹರಟುತ್ತಿದ್ದರು. ಅವಳಿಗೆ ಅವನೇ ಬೇಕಾಗಿತ್ತು. ಆಯಿ ಚಹಾ ಬಿಟ್ಟು ಎದ್ದರೆ ಸಂಬಂಧ ಮುರಿದಂತೆ ಎಂಬುದೂ ಗೊತ್ತಿತ್ತು.

ಲಕ್ಕವ್ವ ಕೇಳಿದಳು: "ನಿಮ್ಮ ಬೆಡಗ ಯಾವುದ್ರಿ?"

"ಅದನ್ನೆಲ್ಲಾ ಬಿಟ್ಟೀವ್ರಿ. ಭಟ್ರು ಒಂದು ಗೋತ್ರ ಹೇಳ್ಯಾರ, ಅದನ್ನ..."

"ಇರಬಿ ಬೆಡಗರೀ," ಎಂದು ಇರುವೆಯ ಹೆಸರು ಹೇಳಿದಳು ಬಾಗಿಲಲ್ಲಿ ನಿಂತಿದ್ದ ಸುಂದರಾ. "ನಾ ಮದಿವ್ಯಾಗಿ ಬಂದ ದಿನ ನಮ್ಮತ್ತಿ ಮದಲ ಇರಬಿ ಗೂಡಿಗೆ ಹಿಟ್ಟ ಹಾಕಿಸಿ, ಆಮ್ಯಾಲ ಒಳಗ ಕರಕೊಂಡ್ರು."

"ನೀ ಒಳಗ ನಡಿ," ಎಂದು ರಾಜಾರಾಮ ಗದರಿದ. "ಇರಬಿ ಅಂತ ಹೇಳ್ಕೊಂಡ್ರ ಫ್ಯಾಕ್ಟರ್ಯಾಗ ನಗತಾರ."

"ಸಕ್ಕರಿ ಫ್ಯಾಕ್ಟರ್ಯಾಗ ಇರಬಿಗೆ ಯಾರ ನಗತಾರಪಾ? ಅಲ್ಲಿ ಖರೇ ಮಾಲಕ್ರು ನಿಮ್ಮ ಮಂದೀನ," ಎಂದಳು ಲಕ್ಕವ್ವ.

ಮೂಲೆಯಲ್ಲಿ ಕೂತಿದ್ದ ವಿಕ್ರಾಂತನಿಗೆ ನಗು ತಡೆಯಲಿಲ್ಲ. ಅಪ್ಪನ ಮುಖ ನೋಡಿ ನಗು ನುಂಗಿ, ಒಂದು ದಾರಿ ಹುಡುಕಿದ.

"ಹಂಗಾರ ಪೆಟಗಿ ಒಳಗಿನ ಖೋಲ್ಯಾಗ ಇಡೂಣು. ಆಯಿಗೆ ಕಾಣೂದಿಲ್ಲ."

ಪೂನಮ ಆಗ ತಲೆ ಎತ್ತಿದಳು.

"ಕಾಣೂದಿಲ್ಲ ಅಷ್ಟ. ಇರೂದು ಇರತೈತಿ," ಎಂದಳು. "ನಾ ಈ ಮನಿಗೆ ಬಂದ್ರ ದಿನಾ ಅದರ ಮುಂದ ಉಣಬೇಕು, ಮಲಗಬೇಕು. ಅದನ್ನ ಬಿಟ್ರ ಬರ್ತೀನಿ. ಇಲ್ಲಂದ್ರ ನಿಮ್ಮ ಫೋನ್ ನಂಬರ್ ಅಳಿಸ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಹೇಳುವಾಗ ಅವಳ ದನಿ ನಡುಗಿತು. ನಡುಗುತ್ತಲೇ ಹೇಳಿ ಮುಗಿಸಿದಳು. ಕುಲದ ದೊಡ್ಡಸ್ತಿಕೆ ಅಂದರೆ ಇದು; ಉಳಿದದ್ದು ಬ್ಯಾನರಿನ ಮೇಲಿನ ಬಣ್ಣ.

ಸುಂದರಾ ಒಳಗೆ ಹೋಗಿ, ಮುತ್ತೈದೆಯರಿಗೆ ಉಡಿ ತುಂಬುವ ಅಕ್ಕಿ, ಕೊಬ್ಬರಿಬಟ್ಟಲಿನ ತಟ್ಟೆಯೊಂದಿಗೆ ಬಂದಳು. ತಟ್ಟೆಯನ್ನು ಟಿವಿಯ ಮೇಜಿನ ಮೇಲಿಟ್ಟಳು. ಪೆಟ್ಟಿಗೆಗೆ ಎರಡೂ ಕೈ ಹಾಕಿ ಆಮೆಯನ್ನು ಎತ್ತಿ, ಲಕ್ಕವ್ವನ ಮುಂದೆ ನಿಂತಳು.

"ಸೆರಗ ಒಡ್ಡ್ರಿ ಆಯಿ. ಮದಲ ನಿಮ್ಮ ಉಡಿ ತುಂಬತೀನಿ."

"ಸುಂದರಾ!" ಎಂದ ರಾಜಾರಾಮ.

"ಪ್ರಮೋಶನ್ ಹೋದ್ರ ಹೋಗ್ಲಿ. ಸೊಸಿ ಹೋಗೂದ ಬ್ಯಾಡ."

ಲಕ್ಕವ್ವ ಸೆರಗು ಒಡ್ಡಿದಳು. ರಾಜಾರಾಮ ಪೇಪರು ಬಿಡಿಸಿಕೊಂಡು ಮುಖ ಮುಚ್ಚಿದ. ಬೇಡವೆನ್ನಲಿಲ್ಲ.

ಸಂಜೆಗೆ ಮುನ್ನ ತೆಲಸಂಗದ ಕಲ್ಲುಹೊಲದ ಅಂಚಿನಲ್ಲಿ ಲಕ್ಕವ್ವ ಆಮೆಯನ್ನು ನೆಲಕ್ಕಿಳಿಸಿದಳು. ಅವರ ಟಂಟಂ ಆಟೋದ ಹಿಂದೆ ಬೈಕಿನಲ್ಲಿ ಬಂದಿದ್ದ ವಿಕ್ರಾಂತನೂ ನಿಂತು ನೋಡಿದ. ಆಮೆ ತಲೆ ಹೊರಗೆ ಹಾಕಲಿಲ್ಲ. ಅವನು ಕಡ್ಡಿಯಿಂದ ಮೆಲ್ಲಗೆ ದೂಡಲು ಬಾಗಿದ.

"ಹಿರ್ಯಾರಿಗೆ ಅವಸರ ಮಾಡಬ್ಯಾಡ್ರಿ," ಎಂದಳು ಪೂನಮ.

ಅವನು ಕಡ್ಡಿ ಬಿಸಾಕಿ ಅಲ್ಲೇ ಮಣ್ಣಲ್ಲಿ ಕುಕ್ಕರಿಸಿದ. ಎಲ್ಲರೂ ಕೂತರು. ಬಹಳ ಹೊತ್ತಿನ ಮೇಲೆ ಮೊದಲು ಮೂಗು, ಆಮೇಲೆ ಕುತ್ತಿಗೆ, ಒಂದು ಕಾಲು. ತಡೆಯಲು ಗಾಜು ಇರಲಿಲ್ಲ. ಅದು ಕಾರೆಕಂಟಿಯ ಬುಡದ ಒಣಹುಲ್ಲಿನೊಳಗೆ ನಡೆದು ಹೋಯಿತು. ಹುಲ್ಲು ಯಾವುದು, ಬೆನ್ನು ಯಾವುದು, ತಿಳಿಯದಾಯಿತು.

ಲಕ್ಕವ್ವ ಕೈ ಮುಗಿದು ಎದ್ದಳು. ಮಣ್ಣಾದ ಪ್ಯಾಂಟು ಝಾಡಿಸುತ್ತಿದ್ದ ಹುಡುಗನ ಕಡೆ ತಿರುಗಿದಳು.

"ನಡೀರಿ ಅಳ್ಯಾರ," ಎಂದಳು, "ಮನ್ಯಾಗ ರೊಟ್ಟಿ ಆಗ್ಯಾವ."