ಜೀಪಿಗೆ ಸವರಿದ ಬೆಣ್ಣೆ

ಅಮ್ಮನನ್ನು ಕರೆದೊಯ್ಯಲು ನನ್ನ ತಮ್ಮ ಶಾರಾವ್ ಆ ಬೇಸಿಗೆಯಲ್ಲಿ ಮೂರು ಸಲ ನೆಪ ಹೇಳಿದ. ಒಮ್ಮೆ ದಾರಿ ಕೆಟ್ಟಿದೆ ಅಂದ, ಒಮ್ಮೆ ಬೆನ್ನು ಹಿಡಿದುಕೊಂಡಿದೆ ಅಂದ, ಮೂರನೆಯ ಸಲ ಫೋನೇ ಎತ್ತಲಿಲ್ಲ. ಕೊನೆಗೆ ಅಮ್ಮ, "ಒಂಟೆ ಮೇಲೆ ಕಟ್ಟಿ ಕಳ್ಸಿ, ನಾನೊಬ್ಳೇ ಹೋಗ್ತೀನಿ" ಎಂದು ಹಟ ಹಿಡಿದ ಮೇಲೆ ಹೊಸ ಜೀಪು ತಂದು ನಮ್ಮ ಡೇರೆಯ ಮುಂದೆ ನಿಲ್ಲಿಸಿದ.

ಅಮ್ಮನಿಗೆ ಎಂಬತ್ತಮೂರು. ಕಣ್ಣು ಹೋಗಿ ನಾಲ್ಕು ವರ್ಷ. ಸಾಯುವ ಮುಂಚೆ ನಮ್ಮ ಚಳಿಗಾಲದ ಬಿಡಾರದ ಬಂಡೆಯಲ್ಲಿ ಕೆತ್ತಿರುವ ಹಸಿರು ತಾರಾದೇವಿಯ ಪಾದಕ್ಕೆ ತನ್ನ ಕೈಯಾರೆ ಬೆಣ್ಣೆ ಸವರಿ ಹಣೆ ಮುಟ್ಟಿಸಬೇಕು. ಅಷ್ಟೇ ಅವಳ ಆಸೆ.

ಆ ಬಂಡೆಯ ಮೇಲುಗಡೆ ಐದು ಬುದ್ಧರಿದ್ದಾರೆ. ದೇವರು ಬೇಡವೆಂದ ಸರ್ಕಾರ ಲಾಮಾಗಳನ್ನು ಎಳೆದೊಯ್ದ ವರ್ಷ ಬಂದ ಸಿಪಾಯಿಗಳು ಐವರ ಮುಖವನ್ನೂ ಉಳಿಯಿಂದ ಒಡೆದುಹಾಕಿದರು. ಕೆಳಗಿದ್ದ ತಾರಾತಾಯಿಯನ್ನು ಮಾತ್ರ ಅಮ್ಮನ ಅಪ್ಪ, ನಮ್ಮಜ್ಜ, ಮೊದಲೇ ಮುಚ್ಚಿಬಿಟ್ಟಿದ್ದ. ಬಂಡೆಗೆ ಒತ್ತಿಕೊಂಡೇ ಕುರಿದೊಡ್ಡಿಯ ಕಲ್ಲುಗೋಡೆ ಎಬ್ಬಿಸಿದ. ಯಾವ ಕಲ್ಲು ಮೊದಲು ತೆಗೆಯಬೇಕು, ಯಾವುದು ಆಮೇಲೆ ಎಂಬುದು ತಪ್ಪಿದರೆ ಇಡೀ ಗೋಡೆ ಮೈಮೇಲೆ ಬೀಳುತ್ತದೆ. ಆ ಗುಟ್ಟು ಒಂದು ತಲೆಮಾರಿಗೆ ಒಬ್ಬರಿಗೆ ಮಾತ್ರ. ಅಜ್ಜನಿಂದ ಅಮ್ಮನಿಗೆ, ಅಮ್ಮನಿಂದ ನನಗೆ. ಅದರ ಹಿಂದಿನ ಚಳಿಗಾಲ ಕುದುರೆ ಕೆಡವಿ ನನ್ನ ಭುಜ ಮುರಿಯಿತು. ಕಲ್ಲೆತ್ತಲಾಗದೆ ನಾನೇ ಶಾರಾವ್‌ಗೆ ಹೇಳಿಕೊಟ್ಟೆ. ಒಡಹುಟ್ಟಿದವನು ತಾನೇ ಅಂದುಕೊಂಡೆ. ಬುದ್ಧಿಗೇಡಿ ನಾನು.

ಜೀಪಿನಲ್ಲಿ ಅಮ್ಮ ಸೀಟು ಸವರಿ ಸವರಿ ನೋಡಿದಳು. "ಎಷ್ಟು ಮೆತ್ತಗಿದೆಯೋ. ನಿನ್ನ ಹಳೇ ಗಾಡೀಲಿ ಕೂತ್ರೆ ಹಲ್ಲೆಲ್ಲ ಉದುರೋವು."

"ಇರೋ ಎರಡು ಹಲ್ಲಿಗೆ ಅದೆಷ್ಟು ಜಂಬನಮ್ಮ ನಿಂಗೆ" ಎಂದ ಶಾರಾವ್.

"ಎಲ್ಲಿಂದ ತಂದ್ಯೋ ಇದನ್ನ?"

"ಪೇಟೆಯ ಸ್ನೇಹಿತ್ರು ಕೊಟ್ರು."

"ಅಂಥ ಸ್ನೇಹಿತ್ರು ನನಗ್ಯಾಕೆ ಸಿಗಲ್ವೋ?" ಎಂದು ನಾನೂ ಛೇಡಿಸಿದೆ. ಅವನು ನಗಲಿಲ್ಲ.

ಬೇಸಿಗೆಯಲ್ಲಿ ಬಿಡಾರದ ಹತ್ತಿರ ನರಪಿಳ್ಳೆಯೂ ಇರುವುದಿಲ್ಲ. ನಾವೆಲ್ಲ ಕುರಿ ಹೊಡೆದುಕೊಂಡು ಹೊಳೆಯಂಚಿಗೆ ಹೋಗಿರುತ್ತೇವೆ. ದೊಡ್ಡಿಯ ಗೋಡೆ ನಾವು ಬಿಟ್ಟುಹೋದ ಹಾಗೇ ಇತ್ತು. ಶಾರಾವ್ ಒಂದೊಂದೇ ಕಲ್ಲು ಇಳಿಸಿದ. ಅಮ್ಮ ಗೋಡೆಗೆ ಕೈಯಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬೆಣ್ಣೆಯ ಬಟ್ಟಲು ಹಿಡಿದು, ಕಲ್ಲಿಳಿಯುವ ಸದ್ದಿಗೆ ತಲೆದೂಗುತ್ತಿದ್ದಳು. ಕೊನೆಯ ಕಲ್ಲು ಇಳಿಯಿತು.

ಅಲ್ಲಿ ತಾಯಿ ಇರಲಿಲ್ಲ. ಬಂಡೆಯಲ್ಲಿ ಚೌಕಾಕಾರದ ಗುಂಡಿಯಿತ್ತು. ಯಂತ್ರದಿಂದ ಕೊಯ್ದ ಅಂಚು, ಕೆಳಗೆ ಬಿಳಿಯ ಕಲ್ಲುಪುಡಿ.

ಶಾರಾವ್ ಅಮ್ಮನ ಬೆನ್ನ ಹಿಂದಿನಿಂದ ನನಗೆ ಕೈಮುಗಿದ. ಹೇಳಬೇಡ ಎಂದು ತಲೆಯಾಡಿಸಿದ. ಅಮ್ಮನ ಮುಖದಲ್ಲಿದ್ದ ಸಂತೋಷ ನೋಡಿ ನಾನು ಪಕ್ಕಕ್ಕೆ ಸರಿದೆ.

ಅವನು ಅಮ್ಮನ ಕೈ ಹಿಡಿದು ಗುಂಡಿಯ ಪಕ್ಕದ ಒರಟು ಬಂಡೆಗೆ ಮುಟ್ಟಿಸಿದ. "ಇಲ್ಲೇ ಅಮ್ಮ, ಪಾದ. ಮಳೆಗೆ ಸ್ವಲ್ಪ ಸವೆದಿದೆ."

"ಇಷ್ಟು ವರ್ಷ ಗೋಡೆ ಹಿಂದಿದ್ದೋಳಿಗೆ ಮಳೆ ಎಲ್ಲಿಂದ ಬಂತೋ?"

ಅಮ್ಮನ ಬೆರಳು ಜರುಗುತ್ತಾ ಜರುಗುತ್ತಾ ಅಂಚಿಗೆ ಬಂತು. ಆ ಅಂಚು ಹಿಡಿದು ಮೇಲೆ, ಅಡ್ಡ, ಕೆಳಗೆ ಹೋಗಿ ಮತ್ತೆ ಶುರುವಾದ ಕಡೆಗೇ ಬಂದು ನಿಂತಿತು.

"ಯಂಜ್ಮಾ, ಗೋಡೆ ನನ್ನಪ್ಪ ಕಟ್ಟಿದ ಹಾಗೇ ಇತ್ತಲ್ವೇನೇ? ಒಂದು ಕಲ್ಲೂ ಆಚೀಚೆ ಆಗಿರ್ಲಿಲ್ಲ."

"ಹೂಂ ಅಮ್ಮ."

"ಚೆನ್ನಾಗಿ ಕಲ್ಸಿದೀಯ."

ಆ ಮಾತು ಕೇಳಿದ ಮೇಲೆ ನನಗೆ ತಡೆದುಕೊಳ್ಳಲಾಗಲಿಲ್ಲ. "ಯಾರಿಗೆ ಕೊಟ್ಯೋ?" ಎಂದು ಅವನ ಕೊರಳಪಟ್ಟಿ ಹಿಡಿದೆ.

"ಆ ಸ್ನೇಹಿತ್ರು ಜೋಪಾನವಾಗಿ ಇಟ್ಕೋತಾರಂತೆ ಅಕ್ಕ, ಗಾಜಿನ ಪೆಟ್ಟಿಗೇಲಿ. ಇಲ್ಲಿ ಕುರಿ ಹಿಕ್ಕೆ ಮಧ್ಯೆ ಯಾರು ನೋಡ್ತಿದ್ರು?"

"ಹಿಕ್ಕೆ ಮಧ್ಯೆ ಇದ್ದಿದ್ದಕ್ಕೇ ಉಳಿದಿದ್ಳು ಕಣೋ ಪಾಪಿ."

ಅಮ್ಮ ಬಂಡೆಯಿಂದ ಕೈ ತೆಗೆದಳು. "ಜೀಪಿನ ಹತ್ರ ಕರ್ಕೊಂಡು ಹೋಗೇ" ಎಂದಳು. ಮನೆಗೆ ಹೊರಟಳೇನೋ ಅಂದುಕೊಂಡೆ. ಬಾಗಿಲ ಕಡೆ ತಿರುಗಿಸಿದರೆ, "ಮುಂದುಗಡೆ ನಿಲ್ಸು" ಎಂದಳು.

ಜೀಪಿನ ಮೂತಿ ಇನ್ನೂ ಬೆಚ್ಚಗಿತ್ತು. ಅಮ್ಮ ಬಟ್ಟಲಿನ ಬೆಣ್ಣೆಯನ್ನೆಲ್ಲ ತೋಡಿ ಅದಕ್ಕೆ ಸವರಿದಳು. ದೀಪಗಳಿಗೆ ಸವರಿದಳು. ಬಗ್ಗಿ, ಕೈಜೋಡಿಸಿ, ಹಣೆ ಮುಟ್ಟಿಸಿದಳು.

"ಅಮ್ಮ, ಬೇಡಮ್ಮ" ಎನ್ನುತ್ತಾ ಶಾರಾವ್ ನೆಲದ ಮೇಲೆ ಕುಸಿದು ಕೂತ.

"ಯಾಕೋ? ಅವಳನ್ನ ಕೊಟ್ಟು ತಂದಿದ್ದು ಇದನ್ನೇ ತಾನೇ?"

ಅಮ್ಮ ಜಿಡ್ಡಾದ ಕೈಯನ್ನು ಅಂಗಿಗೆ ಒರೆಸಿಕೊಂಡು, ನನ್ನ ಗಟ್ಟಿ ಭುಜ ಯಾವುದೆಂದು ತಡವಿ ಹಿಡಿದುಕೊಂಡಳು. ಹೊಳೆಯಂಚಿಗೆ ಅಲ್ಲಿಂದ ಒಂದು ದಿನದ ನಡಿಗೆ.

"ನಡಿಯೇ ಯಂಜ್ಮಾ, ನಡ್ಕೊಂಡೇ ಹೋಗೋಣ. ತಾಯಿ ಮೇಲೆ ಹೇಗೆ ಕೂರೋದು?"