ದಂಡೆಯಿಂದ ಇನ್ನೂರು ಹೆಜ್ಜೆ

ಸಾಯ್ಮಾ ಸರೋವರದೊಳಕ್ಕೆ ಚಾಚಿಕೊಂಡಿರುವ ಕಾಡಿನ ತುಂಡು ಹಿಲ್ಲೆವಿ ಅತ್ತಿಗೆಯದು. ಅಣ್ಣ ತೀರಿಕೊಂಡ ಮೇಲೂ ಆಕೆ ಒಬ್ಬಳೇ ದೋಣಿ ಇಳಿಸಿ ಮೀನು ಹಿಡಿದು, ಹೊಗೆಯಲ್ಲಿ ಬೇಯಿಸಿ ಮಾರುತ್ತಿದ್ದಳು. ನಾನು ಬಡಗಿ. ಎರಡು ವರ್ಷದಿಂದ ಊರಲ್ಲಿ ಹೊಸ ಮನೆ ಎದ್ದಿರಲಿಲ್ಲ. ಆ ದಂಡೆಯಲ್ಲಿ ಪ್ರವಾಸಿಗಳಿಗೆ ಇಪ್ಪತ್ತು ಮರದ ಮನೆ ಕಟ್ಟಿಸುತ್ತೇನೆಂದು ವೆಸ್ತೆರಿನೆನ್ ಎಂಬ ಉದ್ಯಮಿ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ.

ಅತ್ತಿಗೆ ನಕ್ಷೆ ನೋಡಿದಳು. "ಕಟ್ಟಿ. ಆದ್ರೆ ದಂಡೆಯಿಂದ ಇನ್ನೂರು ಹೆಜ್ಜೆ ಹಿಂದೆ, ಕಾಡೊಳಗೆ. ಕೊಳೆನೀರು ಒಂದು ಹನೀನೂ ಸರೋವರಕ್ಕೆ ಸೇರಬಾರ್ದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಾರೂ ದಂಡೆಗೆ ಇಳೀಬಾರ್ದು."

ದಂಡೆಯ ಹಿಮದಿಬ್ಬದೊಳಗೆ ಬಿಲ ತೋಡಿ ಮೀನು ತಿಂದು ಬದುಕುವ ನಮ್ಮ ಸೀಲು ಪ್ರಾಣಿಗಳು ಮರಿ ಹಾಕುವುದು, ಸಾಕುವುದು ಆ ತಿಂಗಳುಗಳಲ್ಲೇ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸೀಲುಗಳು.

"ಸೀಲು ಬಂದು ನನ್ನ ಹೊಟ್ಟೆ ತುಂಬಿಸುತ್ತಾ ಅತ್ತಿಗೆ?" ಎಂದೆ.

"ನೀರು ಕೆಟ್ಟು, ಮೀನೂ ಸೀಲೂ ಹೋದ್ಮೇಲೆ ಪ್ರವಾಸಿಗಳು ಏನ್ ನೋಡೋಕೆ ಬರ್ತಾರೋ ಒಸ್ಮೊ? ನಿನ್ನ ಮುಖಾನಾ?"

ವೆಸ್ತೆರಿನೆನ್ ಯೋಚಿಸಿ ಹೇಳುತ್ತೇನೆಂದು ಹೊರಟುಹೋದ. ಕೈಗೆ ಬಂದ ಕೆಲಸ ತಪ್ಪಿತೆಂದು ನಾನು ತಿಂಗಳುಗಟ್ಟಲೆ ಆಕೆಯ ಮನೆಯತ್ತ ತಲೆ ಹಾಕಲಿಲ್ಲ.

ಆ ಚಳಿಗಾಲ ಹಿಮ ಸರಿಯಾಗಿ ಬೀಳಲಿಲ್ಲ. ದಿಬ್ಬವಿಲ್ಲದಿದ್ದರೆ ಮರಿಗಳು ಬಯಲಲ್ಲಿ ಹುಟ್ಟಿ ಸಾಯುತ್ತವೆ. ಜನವರಿಯ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ, ಸೀಲು ಕಾಯುವವರ ಜೊತೆ ಅತ್ತಿಗೆಯೂ ಸಲಿಕೆ ಹಿಡಿದು ಹೆಪ್ಪುಗಟ್ಟಿದ ಸರೋವರದ ಮೇಲಿನ ತೆಳು ಹಿಮವನ್ನು ಬಳಿದು ದಂಡೆಗುಂಟ ಗುಡ್ಡೆ ಹಾಕುತ್ತಿದ್ದಳು. ಅರವತ್ತಾರರ ಹೆಂಗಸು. ನಡುನಡುವೆ ಸೊಂಟ ಹಿಡಿದು ನಿಲ್ಲುತ್ತಿದ್ದಳು. ನನಗೆ ಕೂತಿರಲಾಗಲಿಲ್ಲ. ಸಲಿಕೆ ಎತ್ತಿಕೊಂಡು ಹೋದೆ.

"ಬಡಗಿ ಕಟ್ಟಿದ ದಿಬ್ಬ ನೆಟ್ಟಗೆ ನಿಲ್ಲುತ್ತೋ ಇಲ್ವೋ ನೋಡೋಣ," ಎಂದಳು. ಅಷ್ಟೇ.

ಮಧ್ಯಾಹ್ನ ಆಕೆಯನ್ನು ಹುಡುಕಿಕೊಂಡು ವೆಸ್ತೆರಿನೆನ್ ಬಂದ. ಅತ್ತಿಗೆ ಅವನ ಕೈಗೂ ಒಂದು ಸಲಿಕೆ ಕೊಟ್ಟಳು. ಎರಡು ಗಂಟೆ ದುಡಿದ ಮೇಲೆ ಅವನು ಬೆವರೊರೆಸಿಕೊಂಡು ಕೇಳಿದ: "ಕಾಡೊಳಗೆ ಒಂಬತ್ತು ಮನೆ ಆದ್ರೆ, ಹಿಲ್ಲೆವಿಯವರೇ? ನಿಮ್ಮ ಮಾತುಗಳಿಗೆಲ್ಲ ಒಪ್ಪಿಗೆ."

"ಒಂಬತ್ತಕ್ಕೆ ಜಾಗ ಇದೆ."

ಮೇ ತಿಂಗಳಲ್ಲಿ ನಾನು ಮೊದಲ ಮನೆಯ ಮಾಡು ಹೊದಿಸುತ್ತಿದ್ದೆ. ಮರಗಳ ಸಂದಿಯಲ್ಲಿ, ದೂರದ ಬಂಡೆಯ ಮೇಲೆ ಮರಿಯೊಂದು ಬಿಸಿಲು ಕಾಯಿಸುತ್ತಿರುವುದು ಕಂಡಿತು. ಸುತ್ತಿಗೆ ಕೆಳಗಿಟ್ಟು, ಅದು ನೀರಿಗಿಳಿಯುವವರೆಗೂ ಸುಮ್ಮನೆ ಕೂತಿದ್ದೆ.

ಗಿರಾಕಿಗಳಿಲ್ಲದೆ ಸೊರಗಿದ್ದ ಊರಿನ ಒಂದೇ ಅಂಗಡಿ ಮಾತ್ರ ಉಳಿಯಲಿಲ್ಲ. ಇಪ್ಪತ್ತು ಮನೆಯಾಗಿದ್ದರೆ ಉಳಿಯುತ್ತಿತ್ತೆಂದು ಆಕೆಯನ್ನು ಬೈಯುವವರು ಇಂದಿಗೂ ಇದ್ದಾರೆ. ಅವರು ಮೀನಿಗೆ ಬಂದರೆ ಆಕೆ ಮೊದಲು ಕಾಫಿ ಕೊಟ್ಟು ಕೂರಿಸುತ್ತಾಳೆ, ಬೈಗುಳವನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ.