ಮಗ್ಗ ಮುಟ್ಟಿ ಹೇಳಿದ್ದು

ಗಜೇಂದ್ರಗಡದ ನೇಕಾರರ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗ ಗುರುಸಂಗಪ್ಪ. ಧಾರವಾಡದಲ್ಲಿ ಒಂದು ವರ್ಷ ಓದಿ, ೧೯೫೭ರ ಬೇಸಿಗೆ ರಜೆಗೆ ಊರಿಗೆ ಬಂದಾಗ ಮಂದಿ ಅವನ ಪ್ಯಾಂಟು ನೋಡಿದರು, ಕ್ರಾಪು ನೋಡಿದರು, ‘ಸಾಹೇಬ ಬಂದ’ ಎಂದು ನಕ್ಕರು. ಮುಖ ಮಾತ್ರ ಯಾರೂ ನೋಡಲಿಲ್ಲ. ನೋಡಿದ್ದರೆ ಹುಡುಗ ಬಾಡಿಹೋಗಿದ್ದು ತಿಳಿಯುತ್ತಿತ್ತು.

ಬಾಡದೆ ಏನು ಮಾಡ್ಯಾನು ಪಾಪ! ಪಾಠವೆಲ್ಲ ಇಂಗ್ಲಿಷಿನಲ್ಲಿ, ಅರ್ಧಕ್ಕರ್ಧ ತಲೆಯ ಮೇಲೆ ಹಾರಿಹೋಗುತ್ತಿತ್ತು. ಉತ್ತರ ಹೇಳಲು ಎದ್ದುನಿಂತರೆ ಹಿಂದಿನ ಬೆಂಚಿನವರು ಮಗ್ಗದ ಲಾಳಿ ಓಡುವ ಸಪ್ಪಳ ಮಾಡುತ್ತಿದ್ದರು, ಖಟ್ ಖಟ್ ಖಟ್. ಅವ್ವ ಮೋಟಾರಿನಲ್ಲಿ ಕಳಿಸುತ್ತಿದ್ದ ಖಡಕ್ ರೊಟ್ಟಿಯ ಬುತ್ತಿಯನ್ನು ಹಾಸ್ಟೆಲಿನ ಖೋಲಿಯ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದ. ಮುರಿಯುವ ಸಪ್ಪಳಕ್ಕೂ ನಗುವ ಜನ ಅಲ್ಲಿದ್ದರು. ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಯಲ್ಲಿ ಹೇಳಿದರೆ ಅವ್ವ ಅತ್ತಾಳು. ಎಲ್ಲವನ್ನೂ ಹೊಟ್ಟೆಯೊಳಗೇ ಹಾಕಿಕೊಂಡಿದ್ದ.

ಪಕ್ಕದ ಮನೆ ಈಶಪ್ಪನದು. ಅವನ ಮಗಳು ನೀಲವ್ವ ಆ ವರ್ಷ ಮ್ಯಾಟ್ರಿಕ್ ಪಾಸಾಗಿದ್ದಳು, ಅದೂ ಫಸ್ಟ್ ಕ್ಲಾಸು! ಕಾಲೇಜಿಗೆ ಕಳಿಸಿರಿ ಎಂದು ಹೆಡ್ಮಾಸ್ತರರು ಮನೆಗೇ ಬಂದು ಹೇಳಿಹೋದರು. ಅದೇ ವಾರ ಶಿರೋಳದಿಂದ ಒಂದು ಸಂಬಂಧವೂ ಕೇಳಿ ಬಂತು. ಈಶಪ್ಪ ಮೀಸೆ ತಿರುವುತ್ತ ಯೋಚಿಸಿ, ಕಡೆಗೆ ಮನೆಯವರೆದುರು ಹೇಳಿದ: “ಗುರಸಂಗನ್ನ ಕೇಳೂಣು. ಅಂವಾ ಕಣ್ಣಾರೆ ಕಂಡು ಬಂದಾನ. ಚಲೋ ಐತಿ ಅಂದ್ರ ಕಳಸ್ತೀನಿ. ಇಲ್ಲಂದ್ರ ಶಿರೋಳದಾವ್ರಿಗೆ ಹೂಂ ಅಂತೀನಿ.”

ನೀಲವ್ವ ಬಾವಿಯ ಹತ್ತಿರ ಗುರುಸಂಗಪ್ಪನನ್ನು ಹಿಡಿದು ನಿಲ್ಲಿಸಿದಳು.

“ಗುರಣ್ಣಾ, ಸಂಜಿಕ ಅಪ್ಪ ಕೇಳ್ತಾನ. ನಂಗ ಕಾಲೇಜ್ ಕಲಿಯೂದೈತಿ, ನೋಡ್ಕೊಂಡು ಹೇಳಪಾ.”

“ಹೂಂ, ನೀ ಏನ್ ಕಾಳಜಿ ಮಾಡಬ್ಯಾಡ” ಎಂದ. ಚಲೋದನ್ನೇ ಹೇಳಬೇಕೆಂದುಕೊಂಡೇ ಹೋದ, ಅದರಲ್ಲಿ ಸುಳ್ಳಿಲ್ಲ.

ಆದರೆ ಈಶಪ್ಪ ಅವನನ್ನು ಕಟ್ಟೆಯ ಮೇಲೆ ಕೂರಿಸದೆ ನೇರ ಮಗ್ಗದ ಹತ್ತಿರ ಕರೆದೊಯ್ದ. ಆ ಓಣಿಯಲ್ಲಿ ಹೆಣ್ಣು ಕೊಡುವ ಮಾತಿರಲಿ, ಜಗಳದ ಮಾತಿರಲಿ, ಮಗ್ಗ ಮುಟ್ಟಿಸಿಯೇ ಕೇಳುತ್ತಿದ್ದರು. ಅನ್ನ ಕೊಡುವ ಮಗ್ಗ ಮುಟ್ಟಿ ಸುಳ್ಳಾಡಿದರೆ, ಆಡಿದವನ ಮನೆಯ ಮಗ್ಗದಲ್ಲಿ ಹಾಸಿನ ಎಳೆ ನಿಲ್ಲದೆ ಹರಿಯುತ್ತದಂತೆ. ಕಾಲೇಜು ಕಲಿತವನು ಇದಕ್ಕೆ ನಗಬೇಕಿತ್ತು. ಆದರೆ ಮರದ ಮೇಲೆ ಕೈ ಇಟ್ಟದ್ದೇ, ಕಟ್ಟಿಕೊಂಡು ಬಂದ ಚಲೋ ಮಾತೆಲ್ಲ ಹಿಂದೆ ಸರಿದವು.

“ಹುಡಿಗ್ಯಾರು ಅದಾರೇನಪಾ ಅಲ್ಲೆ?”

“ಅದಾರ್ರಿ ಕಾಕಾ. ನಮ್ಮ ಕ್ಲಾಸಿನ್ಯಾಗ ಮೂರು ಮಂದಿ.”

“ಹ್ಯಾಂಗ ಇರ್ತಾರ?”

“ಗಂಟಿ ಆದ್ರೂ ಅವ್ರು ತಾವಾಗೇ ಒಳಗ ಬರಂಗಿಲ್ರಿ. ಅವ್ರಿಗೆ ಬ್ಯಾರೆ ಖೋಲಿ ಐತಿ, ಅಲ್ಲೆ ಕುಂತಿರ್ತಾರ. ಪ್ರೊಫೆಸರ್ರು ಬಂದ್ರ ಅವ್ರ ಬೆನ್ನಹಿಂದ ಬರ್ತಾರ, ಪಾಠ ಮುಗದ್ರ ಅವ್ರ ಬೆನ್ನಹಿಂದನ ಹೋಗ್ತಾರ.”

“ಯಾಕ?”

ಇಲ್ಲಿಯಾದರೂ ಸುಮ್ಮನಿರಬಾರದಿತ್ತೇ! “ಹುಡುಗರು ಸಿಳ್ಳಿ ಹೊಡೀತಾರ್ರಿ. ಕಾಗದದ ಉಂಡಿ ಮಾಡಿ ಒಗೀತಾರ.”

“ನೀ ಏನ್ ಮಾಡ್ತಿ?”

“ತೆಲಿ ಬಗ್ಗಿಸ್ಕೊಂಡು ಕುಂದರ್ತೀನ್ರಿ.”

ಹೊಳೆಯ ಒಡ್ಡು ಒಡೆದ ಹಾಗಾಯಿತು. ಹುಡುಗಿಯರ ಮಾತು ಎಲ್ಲಿಗೋ ಹೋಯಿತು, ಅವನದೇ ಮಾತು ಬಂತು: ಹಿಂದಿನ ಬೆಂಚಿನ ಸಪ್ಪಳ, ಬಾಗಿಲು ಹಾಕಿಕೊಂಡು ತಿಂದ ರೊಟ್ಟಿ, ಜ್ವರ ಬಂದು ಮಲಗಿದಾಗ ನೀರು ಕೊಡುವವರೂ ಇಲ್ಲದ ಹಗಲುಗಳು. ಹೇಳುತ್ತ ಹೇಳುತ್ತ ದನಿ ಒಡೆಯಿತು. ಒಳಗೆ ನೀಲವ್ವ ನೂಲು ಸುತ್ತುತ್ತಿದ್ದ ರಾಟಿಯ ಸಪ್ಪಳ ನಿಂತಿತು.

“ಸಾಕು ಬಿಡಪಾ” ಎಂದ ಈಶಪ್ಪ, ಅವನ ಬೆನ್ನ ಮೇಲೆ ಕೈಯಾಡಿಸಿ. “ಗಂಡಸು ನಿನಗ ಹಿಂಗಾದ್ರ, ನನ್ನ ಮಗಳಿಗೆ ಹ್ಯಾಂಗ?”

ಗುರುಸಂಗಪ್ಪ ಹಗುರಾಗಿ ಮನೆಗೆ ಬಂದ. ವರ್ಷದ ಮೇಲೆ ಆ ದಿನವೇ ಹೊಟ್ಟೆ ತುಂಬ ಉಂಡ. ಹೊರೆ ಇಳಿಸಿದ್ದೇನೋ ಸರಿ, ಯಾರ ತಲೆಯ ಮೇಲೆ ಇಳಿಸಿದೆ ಎಂದು ತಿರುಗಿ ನೋಡಲಿಲ್ಲ, ಹುಚ್ಚಪ್ಪ! ಮೂರನೆಯ ದಿನ ಶಿರೋಳದವರು ಬಂದು ವೀಳ್ಯ ಹಿಡಿದು ಮದುವೆ ಗಟ್ಟಿ ಮಾಡಿದರು. ಈಶಪ್ಪನ ಮನೆಯ ಹೋಳಿಗೆಯ ವಾಸನೆ ಪಕ್ಕದ ಇವನ ಮನೆಗೂ ಬಂತು. ಆಗ ಅರ್ಥವಾಯಿತು. ಅರ್ಥವಾಗಿ ಏನು ಬಂತು, ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವ ಪೈಕಿಯವನಲ್ಲ ಈಶಪ್ಪ.

ಜೂನಿನಲ್ಲಿ ಕಾಲೇಜು ತೆರೆಯಿತು. ಗುರುಸಂಗಪ್ಪ ಟ್ರಂಕು ಹೊತ್ತು, ರೋಣದ ಮೇಲೆ ಗದಗಿಗೆ ಹೋಗುವ ಬೆಳಗಿನ ಮೋಟಾರಿಗೆ ಹೊರಟ. ನೀಲವ್ವ ಅಂಗಳ ಗುಡಿಸುತ್ತಿದ್ದಳು. ತಲೆ ತಗ್ಗಿಸಿ ದಾಟಿಹೋಗಬೇಕೆಂದವನನ್ನು ಅವಳೇ ಕರೆದಳು.

“ಗುರಣ್ಣಾ, ಅಷ್ಟು ತ್ರಾಸ ಐತಿ ಅಂದಿದ್ದಿ. ಮತ್ತ ಹೊಂಟೀಯಲ್ಲ?”

ಅವನು ಟ್ರಂಕು ಕೆಳಗಿಟ್ಟ. ಸಂಜೆ ವಾಚನಾಲಯದಲ್ಲಿ ಕುಳಿತಾಗ ಹೊತ್ತು ಹೋದದ್ದೇ ತಿಳಿಯದಿರುವುದು, ತಿಳಿಯದ ಪಾಠ ಒಂದು ದಿನ ತಟ್ಟನೆ ತಿಳಿದುಬಿಡುವುದು, ಕಾಗದದ ಉಂಡೆ ಒಗೆಸಿಕೊಂಡ ಹುಡುಗಿಯೇ ಎದ್ದುನಿಂತು ಉತ್ತರ ಹೇಳಿ ಇಡೀ ಕ್ಲಾಸಿನ ಬಾಯಿ ಮುಚ್ಚಿಸಿದ್ದು, ಎಲ್ಲ ಈಗ ನೆನಪಾಯಿತು.

“ಏನರ ಆಗಲಿ, ಅದನ್ನ ಬಿಟ್ಟು ಇರಾಕ ಆಗೂದಿಲ್ಲ ನೀಲಾ.”

“ಇದನ್ನ ಅಪ್ಪಗ ಹೇಳಲಿಲ್ಲಲ್ಲ.”

“ಕಾಕಾ ಕೇಳಲಿಲ್ಲ…”

“ಹೌದು, ಅಪ್ಪ ಕೇಳಲಿಲ್ಲ. ನಾ ಬೇಡಿಕೊಂಡಿದ್ದೆ.”

ಗುರುಸಂಗಪ್ಪನ ಕಣ್ಣು ತುಂಬಿದವು. ಸ್ಟ್ಯಾಂಡಿನ ಕಡೆಯಿಂದ ಮೋಟಾರಿನ ಹಾರ್ನು ಕೇಳಿಸಿತು. ನೀಲವ್ವ ಬಗ್ಗಿ ಟ್ರಂಕನ್ನು ಎತ್ತಿ ಅವನ ಕೈಗೇ ಕೊಟ್ಟಳು.

“ಲಗೂ ಹೋಗು, ಗಾಡಿ ತಪ್ಪೀತು. ನಮ್ಮಿಬ್ಬರಾಗ ಒಬ್ಬರರ ಹೋಗಲಿ.”

ಅವನು ಹೋದ.